ಬೇಡ ಎಂದ ಮೇಲೆ

ಒಬ್ಬರು ಶಿರಸಿ ಸೀಮೆಯ ನಿವೃತ್ತ ಮಾಸ್ತರು. ಇನ್ನೊಬ್ಬ ಅವರ ಕೈಯಲ್ಲಿ ಕಲಿತವ, ಈಗ ಶರಾವತಿ ಕಣಿವೆಯ ಕಾಡಿಗಾಗಿ ಊರೂರು ತಿರುಗುತ್ತಿರುವವ.

ಯುವಕ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಡ ಅಂತ ಮನವಿ ಮಾಸ್ತರೇ. ನಿಮ್ಮದೂ ಒಂದು ಸಹಿ ಬೇಕು. ಇದು ಗೋಡೆಗೆ ಹಚ್ಚುವ ಪೋಸ್ಟರ್.

ಮಾಸ್ತರು: ಸಿಂಗಳೀಕದ ಮುಖ ಚೆನ್ನಾಗಿ ಬಂದಿದೆ. ಸಹಿ ಹಾಕಿದೆ, ತಗೋ. ಆ ಕಣಿವೆ ಉಳಿಯಬೇಕು ಅನ್ನುವುದರಲ್ಲಿ ನನ್ನದು ಎರಡು ಮಾತಿಲ್ಲ. ಮನವಿ ಪೂರ್ತಿ ಓದಿದೆ. ಒಂದು ಸಂಗತಿ ಮಾತ್ರ ಅದರಲ್ಲಿ ಕಾಣಲಿಲ್ಲ ತಮ್ಮಾ. ಈ ಯೋಜನೆ ಯಾರಿಗೆ, ಏತಕ್ಕೆ ಬೇಕಾಗಿದೆ?

ಯುವಕ: ಹಗಲು ಹೊತ್ತು ಸೋಲಾರ್ ಕರೆಂಟು ಹೆಚ್ಚಾಗಿ ಉಳಿಯುತ್ತದೆ. ಅದರಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುತ್ತಾರೆ. ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುತ್ತಾರೆ. ನೀರು ಎತ್ತುವುದಕ್ಕೆ ಬೇಕಾಗುವ ಕರೆಂಟು, ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಇಷ್ಟಕ್ಕಾಗಿ 50 ಹೆಕ್ಟೇರಿಗೂ ಹೆಚ್ಚು ಕಾಡು ಹೋಗಬೇಕು, ಅದೂ ಸಿಂಗಳೀಕದ ಹೆಸರಿನಲ್ಲೇ ಘೋಷಿಸಿದ ಅಭಯಾರಣ್ಯದ ಒಳಗೂ ಅದರ ಅಂಚಿನಲ್ಲೂ. ಬೇಡ ಅನ್ನುವುದಕ್ಕೆ ಇಷ್ಟು ಸಾಲದೇ?

ಮಾಸ್ತರು: ನನಗೂ ನಿನಗೂ ಸಾಕು. ಸಂಜೆ ಕರೆಂಟು ಹೋದರೆ ಮಗಳ ಓದು ನಿಲ್ಲುವ ಮನೆಗೆ ಸಾಲದು. ಆ ಮನೆಯವರು ನಿನ್ನ ಪೋಸ್ಟರ್ ನೋಡಿ, ಹಾಗಾದರೆ ನಮಗೆ ದೀಪ ಎಲ್ಲಿಂದ ಬರಬೇಕು ಅಂತ ಕೇಳಿದರೆ?

ಯುವಕ: ಅದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ. ಅವರ ಹತ್ತಿರ ಎಂಜಿನಿಯರರಿದ್ದಾರೆ, ದುಡ್ಡಿದೆ, ಲೆಕ್ಕಪತ್ರ ಇದೆ. ನಮ್ಮ ಹತ್ತಿರ ಏನಿದೆ? ಕಾಡು ಕಡಿಯಬೇಡಿ ಅಂದವನೇ ಬದಲಿ ದಾರಿಯನ್ನೂ ಹುಡುಕಿಕೊಡಬೇಕು ಅನ್ನುವುದು ಅನ್ಯಾಯ.

ಮಾಸ್ತರು: ಅನ್ಯಾಯ ಹೌದು. ಆದರೂ ಮಳೆಕಾಡಿನ ಹೋರಾಟಗಳಲ್ಲಿ ಗೆದ್ದವು ಯಾವುವು ಅಂತ ಹಿಂದೆ ತಿರುಗಿ ನೋಡಿದರೆ, ಆ ಅನ್ಯಾಯದ ಹೊರೆಯನ್ನು ಹೆಗಲ ಮೇಲೆ ಹಾಕಿಕೊಂಡವರೇ ನನಗೆ ಕಾಣುತ್ತಾರೆ. ಸೈಲೆಂಟ್ ವ್ಯಾಲಿ ವಿಷಯ ನಿನಗೆ ಗೊತ್ತಿರಬೇಕು.

ಯುವಕ: ಕೇರಳದ್ದು. ಅಣೆಕಟ್ಟು ನಿಲ್ಲಿಸಿ ರಾಷ್ಟ್ರೀಯ ಉದ್ಯಾನ ಮಾಡಿದರು. ಸುಗತಕುಮಾರಿ ಪದ್ಯ ಬರೆದರು, ಸಾಹಿತಿಗಳೆಲ್ಲ ಬೀದಿಗೆ ಬಂದರು.

ಮಾಸ್ತರು: ಬಂದರು. ವೈಕಂ ಮುಹಮ್ಮದ್ ಬಶೀರ್, ಒ.ಎನ್.ವಿ. ಕುರುಪ್ ಅಂಥವರೆಲ್ಲ ಕಾಡಿನ ಪರವಾಗಿ ನಿಂತರು. ಪದ್ಯದ ಪಾಲು ದೊಡ್ಡದು, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಪದ್ಯಕ್ಕಿಂತ ಮೊದಲು ಅಲ್ಲಿ ಏನಿತ್ತು ಕೇಳು. ಪಾಲಕ್ಕಾಡ್ ಜಿಲ್ಲೆಯ ಆ ಕಾಡಿನ ನಡುವೆ ಕುಂತಿಪ್ಪುಳ ಹೊಳೆ ಹರಿಯುತ್ತದೆ. ಸೈರಂಧ್ರಿ ಅನ್ನುವಲ್ಲಿ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಅಣೆಕಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುವ ಹಾಗಿದೆ. 1973ರಲ್ಲಿ ಯೋಜನಾ ಆಯೋಗ ಒಪ್ಪಿಗೆ ಕೊಟ್ಟಿತು. ಮೊದಲು 120 ಮೆಗಾವಾಟ್, ಮುಂದೆ ಅದನ್ನು 240ಕ್ಕೆ ಏರಿಸುವುದು, ಜೊತೆಗೆ ನೀರಾವರಿ. ಮುಳುಗುವುದು 830 ಹೆಕ್ಟೇರ್. ಆ ಕಾಡಿನೊಳಗೆ ಊರೇ ಇಲ್ಲ. ಎಬ್ಬಿಸುವುದಕ್ಕೆ ಮನೆಯಿಲ್ಲ, ಮುಳುಗುವುದಕ್ಕೆ ತೋಟವಿಲ್ಲ. ಯೋಜನೆಯ ಪರ ಇದ್ದವರಿಗೆ ಇದಕ್ಕಿಂತ ಬಲವಾದ ವಾದ ಬೇಕೇ? ಮಲಬಾರ್ ಆಗ ಹಿಂದುಳಿದ ಸೀಮೆ. ಅಲ್ಲಿನವರಿಗೆ ಕರೆಂಟು, ಕೆಲಸ, ನೀರು ಕೊಡುವ ಯೋಜನೆಯನ್ನು ಒಂದು ಕೋತಿಯ ಸಲುವಾಗಿ ತಡೆಯುತ್ತೀರಾ ಅಂತ ಕೇಳಿದರು. ಆ ಕೋತಿಯೂ ನಿನ್ನ ಪೋಸ್ಟರಿನ ಸಿಂಗಳೀಕವೇ.

ಯುವಕ: ನಮಗೂ ಅದನ್ನೇ ಕೇಳುತ್ತಾರೆ. ಮನುಷ್ಯ ದೊಡ್ಡವನೋ ಮಂಗ ದೊಡ್ಡದೋ ಅಂತ.

ಮಾಸ್ತರು: ಆ ಪ್ರಶ್ನೆಯ ಬಲೆಗೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಬೀಳಲಿಲ್ಲ. ಅವರಲ್ಲಿ ಹೆಚ್ಚಿನವರು ಶಾಲೆ ಕಾಲೇಜಿನ ಮಾಸ್ತರರು, ವಿಜ್ಞಾನವನ್ನು ಮಲಯಾಳಂನಲ್ಲಿ ಹಳ್ಳಿಹಳ್ಳಿಗೆ ತಲುಪಿಸಲು ಹೊರಟವರು. ಸಸ್ಯಶಾಸ್ತ್ರಜ್ಞ ಎಂ.ಕೆ. ಪ್ರಸಾದ್ ಜೊತೆಗೆ ಎಂಜಿನಿಯರರು, ಒಬ್ಬ ಕೃಷಿ ವಿಜ್ಞಾನಿ, ಒಬ್ಬ ಅರ್ಥಶಾಸ್ತ್ರಜ್ಞ ಕೂತು ಯೋಜನೆಯ ಪ್ರತಿಯೊಂದು ಆಶ್ವಾಸನೆಯನ್ನೂ ಒರೆಗೆ ಹಚ್ಚಿದರು. ಮಲಬಾರಿಗೆ ಎಷ್ಟು ಕರೆಂಟು ಬೇಕು, ಈ ಅಣೆಕಟ್ಟಿನಿಂದ ಎಷ್ಟು ಬಂದೀತು, ಬೇರೆ ಕಡೆಯಿಂದ ತರಲು ಏನು ಬೇಕು, ಗದ್ದೆಗೆ ನೀರು ಹಾಯಿಸಲು ಬೇರೆ ದಾರಿ ಇದೆಯೇ ಎಂದು ಒಂದೊಂದಾಗಿ ನೋಡಿ, 1979ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಹೊರತಂದರು. ಮಲಬಾರಿನವರಿಗೆ ಕರೆಂಟು ಬೇಡ ಅಂತ ಅವರು ಎಲ್ಲೂ ಹೇಳಲಿಲ್ಲ. ಬೇಕು, ಆದರೆ ಅದು ಈ ಕಾಡಿನಿಂದಲೇ ಬರಬೇಕಾಗಿಲ್ಲ ಅಂದರು. ಹೋರಾಟ ತಿರುಗಿದ್ದು ಅಲ್ಲಿ.

ಯುವಕ: ಇಂದಿರಾ ಗಾಂಧಿ ಪ್ರಧಾನಿಯಾಗಿದ್ದರು ಮಾಸ್ತರೇ. ಅವರಿಗೆ ಕಾಡಿನ ಮೇಲೆ ಮನಸ್ಸಿತ್ತು. ಇಲ್ಲದಿದ್ದರೆ ಆ ಪುಸ್ತಕ ಎಲ್ಲೋ ಧೂಳು ತಿನ್ನುತ್ತಿತ್ತು.

ಮಾಸ್ತರು: ಒಪ್ಪುತ್ತೇನೆ. ಅವರಿಲ್ಲದಿದ್ದರೆ ಗೆಲ್ಲುವುದು ಕಷ್ಟವಿತ್ತು. ಆದರೆ ಪ್ರಧಾನಿಗೂ ಕಾಲೂರಲು ನೆಲ ಬೇಕಲ್ಲ? ರಾಜ್ಯ ಸರ್ಕಾರ, ಹೆಚ್ಚುಕಡಿಮೆ ಎಲ್ಲ ಪಕ್ಷಗಳು, ವಿದ್ಯುತ್ ಮಂಡಳಿಯ ನೌಕರರು, ಎಲ್ಲರೂ ಯೋಜನೆಯ ಪರ. ಅಂಥ ಹೊತ್ತಿನಲ್ಲಿ ಎಂ.ಜಿ.ಕೆ. ಮೆನನ್ ಅಧ್ಯಕ್ಷತೆಯ ಸಮಿತಿ ಕೂತಿತು, ಮಾಧವ ಗಾಡ್ಗೀಳರೂ ಅದರಲ್ಲಿದ್ದರು. ಸಮಿತಿ ತೂಗಿ ನೋಡಬೇಕಾದರೆ ತಕ್ಕಡಿಯ ಎರಡೂ ತಟ್ಟೆಯಲ್ಲಿ ಏನಾದರೂ ಇರಬೇಕು. ಒಂದು ತಟ್ಟೆಗೆ ಹಾಕಲು ಪರಿಷತ್ತಿನವರ ಲೆಕ್ಕ ಇತ್ತು. 1983ರ ನವೆಂಬರಿನಲ್ಲಿ ಯೋಜನೆ ಕೈಬಿಟ್ಟರು. ಮುಂದಿನ ವರ್ಷ ನವೆಂಬರ್ 15ರಂದು ಅದು ರಾಷ್ಟ್ರೀಯ ಉದ್ಯಾನವಾಯಿತು.

ಯುವಕ: ನಮ್ಮ ಅಪ್ಪಿಕೋದಲ್ಲಿ ಅಂಥ ಪುಸ್ತಕ ಇರಲಿಲ್ಲವಲ್ಲ. ಜನ ಹೋಗಿ ಮರ ಅಪ್ಪಿಕೊಂಡರು, ಕೊಡಲಿ ನಿಂತಿತು. ನನಗೆ ಆ ಹೋರಾಟವೇ ಹತ್ತಿರದ್ದು ಅನ್ನಿಸುತ್ತದೆ.

ಮಾಸ್ತರು: ನಾನು ಆಗಷ್ಟೇ ನೌಕರಿಗೆ ಸೇರಿದ್ದೆ. ರಜೆ ಸಿಕ್ಕಿದಾಗಲೆಲ್ಲ ಹೋಗುತ್ತಿದ್ದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಾಡಿನಲ್ಲಿ ಶುರುವಾಯಿತು. ಸುಂದರಲಾಲ್ ಬಹುಗುಣರ ಜೊತೆ ಓಡಾಡಿ ಬಂದಿದ್ದ ಪಾಂಡುರಂಗ ಹೆಗಡೆ ಅದಕ್ಕೆ ರೂಪ ಕೊಟ್ಟರು. ಮಳೆ ಬಿಟ್ಟಿರಲಿಲ್ಲ, ಉಂಬಳದ ಕಾಟ. ಹೆಂಗಸರು ಮಕ್ಕಳು ಎಲ್ಲ ಬಂದಿದ್ದರು. ಆದರೆ ಅವರು ಯಾಕೆ ಬಂದರು? ಮರದ ಮೇಲಿನ ಪ್ರೀತಿಯೊಂದೇ ಅಲ್ಲ. ನಮ್ಮ ಅಡಿಕೆ ತೋಟ ನಿಂತಿರುವುದೇ ಸೊಪ್ಪಿನ ಬೆಟ್ಟದ ಮೇಲೆ. ಸೊಪ್ಪು, ದರಕು, ಗೊಬ್ಬರ, ಹರಿಯುವ ಹಳ್ಳ, ಎಲ್ಲ ಕಾಡಿನಿಂದ ಬರಬೇಕು. ಒಂದು ದೊಡ್ಡ ಮರ ಬಿದ್ದರೆ ಅಕ್ಕಪಕ್ಕದ ಎಷ್ಟೋ ಮರಗಳನ್ನು ಸೆಳೆದುಕೊಂಡೇ ಬೀಳುತ್ತದೆ. ಮೇಲಿನ ಚಪ್ಪರ ಹರಿದು ಬಿಸಿಲು ನೆಲಕ್ಕೆ ಬಿತ್ತು ಅಂದರೆ ನೆರಳಲ್ಲೇ ಬೆಳೆಯಬೇಕಾದ ಸಸಿಗಳು ಸುಟ್ಟುಹೋಗುತ್ತವೆ. ಆ ಜಾಗಕ್ಕೆ ಯುಪಟೋರಿಯಂ ಹಬ್ಬುತ್ತದೆ. ಬೇಸಿಗೆಗೆ ಒರತೆ ಬತ್ತುತ್ತದೆ. ಇದನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿರಲಿಲ್ಲ, ಅವರ ತೋಟವೇ ಹೇಳುತ್ತಿತ್ತು. ಅಪ್ಪಿಕೋದ ಘೋಷಣೆ ನೆನಪಿದೆಯೇ?

ಯುವಕ: ಉಳಿಸು, ಬೆಳೆಸು, ಬಳಸು.

ಮಾಸ್ತರು: ಮೂರನೆಯದನ್ನು ಈಗಿನ ಪೋಸ್ಟರುಗಳಲ್ಲಿ ಬಿಟ್ಟುಬಿಡುತ್ತಾರೆ. ಆ ಕಾಲದಲ್ಲಿ ಜನ ಕಾಡಿನ ಪರ ನಿಂತದ್ದಕ್ಕೆ ಅದೇ ಕಾರಣ. ಕಾಡಿನಿಂದ ಬದುಕುವವನ ಅಗತ್ಯಕ್ಕೂ ಅಲ್ಲಿ ಜಾಗವಿತ್ತು. ಅದಕ್ಕಿಂತ ಸ್ವಲ್ಪ ಮೊದಲು ಬೇಡ್ತಿ ಹೊಳೆಗೆ ಅಣೆಕಟ್ಟು ಅಂದಾಗಲೂ ಹಾಗೇ. ಶಿರಸಿಯ ತೋಟಗಾರರ ಸಹಕಾರ ಸಂಘದವರು ಮುಂದೆ ನಿಂತು ತಜ್ಞರನ್ನು ಕರೆಸಿ, ಮುಳುಗುವ ತೋಟ, ಕಾಡು, ಗದ್ದೆಗಳ ಬೆಲೆಯನ್ನೂ ಬರುವ ಕರೆಂಟಿನ ಬೆಲೆಯನ್ನೂ ಎದುರುಬದುರು ಇಟ್ಟರು. ಅಡಿಕೆ ವ್ಯಾಪಾರದ ಸಂಘ, ಲಾಭ ನಷ್ಟ ಬಲ್ಲವರು. ಯೋಜನೆ ಹಿಂದೆ ಸರಿಯಿತು.

ಯುವಕ: ಇವೆಲ್ಲ ನಮ್ಮ ಘಟ್ಟದ ಕಥೆ. ಅಮೆಜಾನಿನಲ್ಲಿ ಕಾಡು ಕಡಿಯುವವರು ಬಂದೂಕು ಹಿಡಿದವರು. ಅಲ್ಲಿ ಲೆಕ್ಕದ ಪುಸ್ತಕ ಯಾರು ಓದುತ್ತಾರೆ? ಶಿಕೊ ಮೆಂಡಿಸ್‌ನನ್ನು ಮನೆ ಬಾಗಿಲಲ್ಲೇ ಕೊಂದರು.

ಮಾಸ್ತರು: 1988ರ ಡಿಸೆಂಬರ್ 22. ಆಗ ಅವನಿಗೆ ನಲವತ್ತನಾಲ್ಕು. ಅವನ ಬದುಕನ್ನು ಓದಿದರೆ ಮಾಸ್ತರಿಕೆ ಮಾಡಿದ ನನ್ನಂಥವನಿಗೆ ಎದೆ ಭಾರವಾಗುತ್ತದೆ. ಬ್ರೆಜಿಲಿನ ಆಕ್ರೆ ರಾಜ್ಯದ ಶಾಪುರಿ ಅವನ ಊರು. ಚಿಕ್ಕ ಹುಡುಗನಿದ್ದಾಗಲೇ ಅಪ್ಪನ ಜೊತೆ ಕಾಡಿಗೆ ಹೋಗಿ ರಬ್ಬರ್ ಮರ ಗೀರಿ ಹಾಲು ತೆಗೆಯುತ್ತಿದ್ದ. ಆ ಎಸ್ಟೇಟುಗಳಲ್ಲಿ ಶಾಲೆ ತೆರೆಯಲು ಧಣಿಗಳು ಬಿಡುತ್ತಿರಲಿಲ್ಲ. ಕೂಲಿಯವನಿಗೆ ಅಕ್ಷರ ಬಂದರೆ ಸಾಲದ ಪುಸ್ತಕ ಓದಿಬಿಡುತ್ತಾನೆ ಎಂಬ ಹೆದರಿಕೆ. ಅಡಗಿಕೊಂಡು ಬದುಕುತ್ತಿದ್ದ ಒಬ್ಬ ಹಳೆಯ ಕಮ್ಯುನಿಸ್ಟ್ ಹೋರಾಟಗಾರ ಅವನಿಗೆ ಓದು ಬರಹ ಕಲಿಸಿದ. ಲೆಕ್ಕ ಓದುವವರು ಅಲ್ಲಿಲ್ಲ ಅಂತ ನೀನು ಅಂದೆ. ಲೆಕ್ಕ ಓದಲು ಬಂದದ್ದರಿಂದಲೇ ಅವನು ಮುಂದಾಳಾದದ್ದು.

ಯುವಕ: ಅವರೂ ಮರಗಳ ಮುಂದೆ ನಿಲ್ಲುತ್ತಿದ್ದರಲ್ಲ?

ಮಾಸ್ತರು: ಎಂಪಾಟಿ ಅನ್ನುತ್ತಿದ್ದರು. 1970ರ ದಶಕದಲ್ಲಿ ದಕ್ಷಿಣದ ಶ್ರೀಮಂತರು ಬಂದು ದನದ ಹುಲ್ಲುಗಾವಲಿಗಾಗಿ ಕಾಡು ಕೊಂಡು, ಕಡಿದು, ಸುಡತೊಡಗಿದರು. ರಬ್ಬರ್ ತೆಗೆಯುವ ಕುಟುಂಬಗಳು ಹೆಂಗಸರು ಮಕ್ಕಳ ಸಮೇತ ಸಾಲಾಗಿ ಹೋಗಿ ಕಡಿಯುವ ಕೂಲಿಗಳ ಎದುರು ನಿಂತವು. ಕಡಿಯುವವರೂ ಬಡವರೇ, ಅವರ ಹತ್ತಿರ ಮಾತಾಡಿ ವಾಪಸು ಕಳಿಸುತ್ತಿದ್ದರು. ಇದನ್ನು ಮೊದಲು ಸಂಘಟಿಸಿದ ವಿಲ್ಸನ್ ಪಿನ್ಹೇರೊ 1980ರಲ್ಲಿ ಕೊಲೆಯಾದ. ಅಲ್ಲಿಗೆ ಮುಗಿದಿದ್ದರೆ ಅದು ಧೀರರ ಕಥೆಯಾಗಿ ಉಳಿಯುತ್ತಿತ್ತು, ಅಷ್ಟೆ. 1985ರಲ್ಲಿ ರಬ್ಬರ್ ತೆಗೆಯುವವರು ರಾಜಧಾನಿಯಲ್ಲೇ ಸಭೆ ಸೇರಿ ಒಂದು ಹೊಸ ಪ್ರಸ್ತಾಪ ಇಟ್ಟರು. ಕಾಡು ಸರ್ಕಾರದ ಹೆಸರಿನಲ್ಲೇ ಇರಲಿ, ಮಾರುವ ಹಾಗಿಲ್ಲ, ಬೋಳಿಸುವ ಹಾಗಿಲ್ಲ. ಒಳಗಿನ ಕುಟುಂಬಗಳಿಗೆ ರಬ್ಬರ್, ಬ್ರೆಜಿಲ್ ನಟ್ ತೆಗೆದು ಬದುಕುವ ಹಕ್ಕು ಬೇಕು. ಬೇಡ ಅಂದವರ ಕೈಯಲ್ಲಿ ಇದು ಬೇಕು ಅನ್ನುವ ಕಾಗದವೂ ಇತ್ತು. 1987ರಲ್ಲಿ ಮೆಂಡಿಸ್ ಮಿಯಾಮಿಗೆ ಹೋದ. ಆ ಕಾಡಿನ ರಸ್ತೆಗೆ ಸಾಲ ಕೊಡುತ್ತಿದ್ದ ಬ್ಯಾಂಕಿನವರ ಮುಂದೆ ನೇರವಾಗಿ ಮಾತಾಡಿದ. ಸಾಲದ ಹಣ ತಡೆಹಿಡಿಯಲಾಯಿತು. ಅವನು ಸತ್ತ ಮೇಲೆ, 1990ರಲ್ಲಿ, ಹತ್ತಿರ ಹತ್ತಿರ 10 ಲಕ್ಷ ಹೆಕ್ಟೇರಿನ ಮೀಸಲು ಪ್ರದೇಶಕ್ಕೆ ಅವನ ಹೆಸರಿಟ್ಟರು.

ಯುವಕ: ಆ ಮೀಸಲಿನ ಒಳಗೂ ಈಗ ದನ ಸಾಕುತ್ತಿದ್ದಾರೆ, ಕಾಡು ಬೋಳಾಗುತ್ತಿದೆ ಅಂತ ಓದಿದ್ದೇನೆ. ಹಾಗಾದರೆ ನಿಮ್ಮ ವಾದ ಅಲ್ಲೇ ಸೋತಿತಲ್ಲ?

ಮಾಸ್ತರು: ಸೋತಿತೋ, ಗಟ್ಟಿಯಾಯಿತೋ ನೀನೇ ನೋಡು. ರಬ್ಬರಿನ ಬೆಲೆ ಬಿತ್ತು. ಕಾಡಿನ ಹಾಲಿನಿಂದ ಸಂಸಾರ ಸಾಗದು ಅನ್ನುವ ಹೊತ್ತಿಗೆ ದನ ಕಟ್ಟುವುದು ಸುಲಭದ ದಾರಿಯಾಯಿತು. ಅಗತ್ಯವನ್ನು ಒಮ್ಮೆ ಹೊತ್ತು ಇಳಿಸಿದರೆ ಮುಗಿಯುವುದಿಲ್ಲ ತಮ್ಮಾ. ಬೆಲೆ ಬದಲಾದಾಗ, ಮಕ್ಕಳು ದೊಡ್ಡವರಾದಾಗ ಮತ್ತೆ ಹೊರಬೇಕು. ಇಡೀ ಅಮೆಜಾನಿನ ಅಂಕಿ ತೆಗೆದು ನೋಡು. ಬ್ರೆಜಿಲಿನವರು 1988ರಿಂದ ಉಪಗ್ರಹದ ಚಿತ್ರ ಇಟ್ಟುಕೊಂಡು ವರ್ಷ ವರ್ಷ ಅಳೆಯುತ್ತಾರೆ. 2004ರಲ್ಲಿ ಒಂದೇ ವರ್ಷ 27,700 ಚದರ ಕಿಲೋಮೀಟರಿನಷ್ಟು ಕಾಡು ಹೋಯಿತು. 2012ಕ್ಕೆ ಅದು 4,600ಕ್ಕೆ ಇಳಿದಿತ್ತು. ಮೆಂಡಿಸ್‌ನ ಜೊತೆ ನಿಂತಿದ್ದ, ಹದಿಹರೆಯದವರೆಗೆ ಅಕ್ಷರ ಕಲಿಯದಿದ್ದ ರಬ್ಬರ್ ಕೂಲಿಯ ಮಗಳು ಮರೀನಾ ಸಿಲ್ವಾ 2003ರಿಂದ 2008ರವರೆಗೆ ಪರಿಸರ ಮಂತ್ರಿಯಾಗಿದ್ದಳು. ಆ ಇಳಿತದ ಬುನಾದಿ ಅವಳ ಕಾಲದ್ದು. 2021ಕ್ಕೆ ಮತ್ತೆ 13,000 ದಾಟಿತು. ಅವಳು 2023ರಲ್ಲಿ ತಿರುಗಿ ಬಂದ ಮೇಲೆ, 2024ರ ಹೊತ್ತಿಗೆ 6,300ರ ಆಸುಪಾಸಿಗೆ ಇಳಿಯಿತು. ಕಾವಲು ಸಡಿಲಾದ ಕೂಡಲೇ ಗರಗಸ ಶುರು.

ಯುವಕ: ಸೋಯಾ ಕೊಳ್ಳುವ ಕಂಪನಿಗಳ ಮೇಲೆ ಒತ್ತಡ ತಂದದ್ದೂ ಕೆಲಸ ಮಾಡಿತು ಅಂತಾರೆ.

ಮಾಸ್ತರು: 2006ರಲ್ಲಿ. ಹೊಸದಾಗಿ ಕಡಿದ ಕಾಡಿನಲ್ಲಿ ಬೆಳೆದ ಸೋಯಾ ಕೊಳ್ಳುವುದಿಲ್ಲ ಅಂತ ದೊಡ್ಡ ವ್ಯಾಪಾರಿಗಳು ಒಪ್ಪಿದರು. ಒಪ್ಪುವುದಕ್ಕೆ ಸಾಧ್ಯವಾದದ್ದು ಹೇಗೆ? ಈಗಾಗಲೇ ಬೋಳಾಗಿ ಬಿದ್ದ ಹುಲ್ಲುಗಾವಲು ಬೇಕಾದಷ್ಟಿತ್ತು. ಬೆಳೆಯುವವನಿಗೆ ಬೆಳೆಯಲು ಜಾಗ ಇತ್ತು.

ಯುವಕ: ಹಾಗಿದ್ದರೆ ಪಶ್ಚಿಮ ಘಟ್ಟ ಉಳಿಸಲು ಬರೆದ ಗಾಡ್ಗೀಳ್ ವರದಿ ಯಾಕೆ ಸೋತಿತು ಮಾಸ್ತರೇ? ಅದನ್ನು ಬರೆದವರಿಗೆ ಜನರ ಬದುಕು ಗೊತ್ತಿತ್ತು. ಎಲ್ಲಿ ಏನು ಮಾಡಬಾರದು ಅನ್ನುವುದನ್ನು ಗ್ರಾಮಸಭೆಗಳ ಜೊತೆ ಕೂತು ತೀರ್ಮಾನಿಸಿ ಅಂತಲೇ ಅದು ಹೇಳುತ್ತದೆ. ಆದರೂ ಘಟ್ಟದ ಜನರೇ ಅದರ ವಿರುದ್ಧ ಮೆರವಣಿಗೆ ಹೊರಟರು.

ಮಾಸ್ತರು: ಇದು ನನ್ನನ್ನು ಕೊರೆಯುವ ವಿಷಯ. ವರದಿ ಸರ್ಕಾರಕ್ಕೆ ತಲುಪಿದ್ದು 2011ರ ಆಗಸ್ಟಿನಲ್ಲಿ. ಹೊರಗೆ ಬಂದದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನಲ್ಲಿ ಹೋರಾಡಿ ತೆಗೆಸಿದ ಮೇಲೆ. ಅದರ ಭಾಷೆ ಇಂಗ್ಲಿಷ್. ಜನ ಓದುವ ಮೊದಲೇ ಅವರ ಕಿವಿಗೆ ಬೇರೆಯವರ ಮಾತು ಬಿದ್ದಿತ್ತು. ಮನೆ ಕಟ್ಟುವ ಹಾಗಿಲ್ಲ, ದನ ಸಾಕುವ ಹಾಗಿಲ್ಲ, ಎಬ್ಬಿಸುತ್ತಾರೆ ಅಂತ. ಮಲೆನಾಡಿನಲ್ಲಿ ಎಬ್ಬಿಸುತ್ತಾರೆ ಅನ್ನುವ ಮಾತಿಗೆ ಇರುವ ಬಿಸಿ ನಿನಗೆ ಗೊತ್ತು. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅಂಥವರ ಹಟ್ಟಿಗೆ ಹೋಗಿ, ನಿಮ್ಮ ಹಕ್ಕುಪತ್ರದ ಕೆಲಸ ಮೊದಲು, ಸೂಕ್ಷ್ಮ ಪ್ರದೇಶದ ಮಾತು ಆಮೇಲೆ ಅಂತ ಹೇಳುವವರು ಯಾರೂ ಇರಲಿಲ್ಲ. ಆಮೇಲೆ ಬಂದ ಕಸ್ತೂರಿರಂಗನ್ ಸಮಿತಿ ಹೆಚ್ಚು ಸಡಿಲವಾದ ಗೆರೆ ಎಳೆಯಿತು, ಅದಕ್ಕೂ ಜನ ಒಪ್ಪಲಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆ ಭೂಕುಸಿತದಲ್ಲಿ ಕೊಚ್ಚಿಹೋದವು. ಮರುದಿನದ ದಿನಾಂಕದಲ್ಲಿ ಕೇಂದ್ರ ಸರ್ಕಾರ ಘಟ್ಟದ ಸೂಕ್ಷ್ಮ ಪ್ರದೇಶಗಳ ಬಗ್ಗೆ ಆರನೆಯ ಸಲ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಂಪುಟ ಅದನ್ನು ತಿರಸ್ಕರಿಸಿತು. ಇಷ್ಟೊಂದು ಸಾವು ನೋಡಿದ ಮೇಲೂ ಹೆದರಿಕೆ ಕರಗಲಿಲ್ಲ ಅಂದರೆ, ಹೆದರಿಕೆಯ ಬೇರು ಎಲ್ಲಿದೆ ಅಂತ ನಾವು ಹೋಗಿ ನೋಡಿಲ್ಲ.

ಯುವಕ: ನಮ್ಮ ಜಿಲ್ಲೆಯಲ್ಲೇ ಬೇರೆ ಥರ ನಡೆದದ್ದೂ ಇದೆ. ಅಘನಾಶಿನಿ ಕಣಿವೆಯ ಸಿಂಗಳೀಕ ಸಂರಕ್ಷಣಾ ಮೀಸಲು.

ಮಾಸ್ತರು: ಸರಿಯಾಗಿ ನೆನಪಿಸಿದೆ. 2011ರಲ್ಲಿ ಅದನ್ನು ಘೋಷಿಸಿದರು. ಸಿಂಗಳೀಕ ಇರುವುದೇ ಮರದ ಮೇಲೆ. ಚಪ್ಪರ ಎಲ್ಲಿ ಹರಿಯಿತೋ ಅಲ್ಲಿಗೆ ಅದರ ದಾರಿ ಮುಗಿಯಿತು, ಒಂದು ಅಗಲ ರಸ್ತೆ ಸಾಕು ಗುಂಪು ಎರಡಾಗಲು. ಅಷ್ಟು ನಾಜೂಕಿನ ಪ್ರಾಣಿ ಇರುವ ಆ ಕಾಡಿನಲ್ಲಿ ಜನ ಉಪ್ಪಾಗೆ, ಮುರುಗಲು, ರಾಮಪತ್ರೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಒಕ್ಕಲೆಬ್ಬಿಸಲಿಲ್ಲ. ಶಾಪುರಿಯ ರಬ್ಬರ್ ಕೂಲಿಗಳು ಕೇಳಿದ್ದು ಇಂಥದ್ದನ್ನೇ.

ಯುವಕ: ಒಪ್ಪಿದೆ. ಹಾಗಾದರೆ ಶರಾವತಿಯಲ್ಲಿ ಆ ಹೊರೆ ಹೊರುವುದು ಹೇಗೆ? ನಾನು ಎಂಜಿನಿಯರ್ ಅಲ್ಲ.

ಮಾಸ್ತರು: ಪ್ರಶ್ನೆ ಕೇಳಲು ಎಂಜಿನಿಯರ್ ಆಗಬೇಕಾಗಿಲ್ಲ. ಸಂಜೆಯ ಬೇಡಿಕೆ ನಿಜವಾಗಿ ಎಷ್ಟು, ಯಾವ ಗಂಟೆಯಲ್ಲಿ? ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಆ ಅಂಕಿ ಸಿಗುತ್ತದೆ. ಪಾವಗಡದಲ್ಲಿ 2,000 ಮೆಗಾವಾಟಿಗೂ ಮೇಲಿನ ಸೋಲಾರ್ ಪಾರ್ಕ್ ಇದೆ. ಕರೆಂಟು ಹುಟ್ಟುವ ಆ ಬಯಲಿನಲ್ಲೇ ಬ್ಯಾಟರಿ ಇಟ್ಟು ಸಂಜೆಗೆ ಉಳಿಸಿದರೆ ಏನು ಖರ್ಚು? ಬ್ಯಾಟರಿಯ ಬೆಲೆ ಈಚೆಗೆ ತುಂಬಾ ಇಳಿದಿದೆ, ಪಂಪ್ಡ್ ಸ್ಟೋರೇಜಿನ ಅಂದಾಜಿನ ಪಕ್ಕದಲ್ಲಿ ಅದನ್ನು ಇಡು. ರೈತರ ಪಂಪ್‌ಸೆಟ್ಟುಗಳನ್ನು ಪೂರ್ತಿ ಹಗಲಿಗೇ ತಂದರೆ ಸಂಜೆ, ರಾತ್ರಿಯ ಭಾರ ಎಷ್ಟು ಇಳಿಯುತ್ತದೆ? ರಾತ್ರಿ ಹೊಲಕ್ಕೆ ಹೋಗಿ ಹಾವು ತುಳಿಯುವ ರೈತನೂ ಆಗ ನಿನ್ನ ಕಡೆ ಬರುತ್ತಾನೆ.

ಯುವಕ: ಬ್ಯಾಟರಿಗೂ ಲೀಥಿಯಂ ಬೇಕು. ಅದನ್ನೂ ಎಲ್ಲೋ ಯಾರದೋ ನೆಲ ಅಗೆದೇ ತೆಗೆಯುತ್ತಾರೆ.

ಮಾಸ್ತರು: ಹೌದು. ಅದನ್ನೂ ಮನವಿಯಲ್ಲಿ ಬರಿ. ಮುಚ್ಚಿಟ್ಟರೆ ನಾಳೆ ಎದುರು ಪಕ್ಷದವರು ಎತ್ತುತ್ತಾರೆ, ಜೊತೆಗೆ ಅದು ನಿಜವಾದ ಮಾತು. ಮೊದಲು ಇರುವ ಕರೆಂಟು ಪೋಲಾಗದ ಹಾಗೆ ನೋಡುವುದು, ಬೇಡಿಕೆಯನ್ನು ಹಗಲಿಗೆ ಸರಿಸುವುದು, ಆಮೇಲೂ ಉಳಿದ ಕೊರತೆಗೆ ಬ್ಯಾಟರಿ ಅಂತ ಕ್ರಮ ಹಾಕು. ಇನ್ನೊಂದು ಮಾತು. ಮುಳುಗಡೆಯವರ ಹಕ್ಕುಪತ್ರದ ಬೇಡಿಕೆ ನಿನ್ನ ಮನವಿಯಲ್ಲಿ ಒಂದು ಸಾಲೂ ಇಲ್ಲ. ಆ ಕಣಿವೆಯಲ್ಲಿ ಕರೆಂಟಿಗಾಗಿ ಎಲ್ಲವನ್ನೂ ಕಳೆದುಕೊಂಡವರು ಅವರು. ಅವರನ್ನು ಬಿಟ್ಟು ಕಣಿವೆಯ ಪರವಾಗಿ ಮಾತಾಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಯುವಕ: ಸಹಿ ಆಗಲೇ ಸಾಕಷ್ಟು ಬಿದ್ದಿವೆ. ಈಗ ಮನವಿ ತಿದ್ದಿದರೆ ಮತ್ತೆ ಮೊದಲಿನಿಂದ ತಿರುಗಬೇಕು.

ಮಾಸ್ತರು: ತಿರುಗಬೇಕು. ಪರಿಷತ್ತಿನ ಮಾಸ್ತರರೂ ವರ್ಷಗಟ್ಟಲೆ ತಿರುಗಿದರು.

ಯುವಕ: ಎಲ್ಲಿಂದ ಶುರು ಮಾಡಲಿ?

ಮಾಸ್ತರು: ನಿನಗಿಂತ ಎರಡು ವರ್ಷ ಹಿಂದೆ ನನ್ನ ಕ್ಲಾಸಿನಲ್ಲಿದ್ದವನೊಬ್ಬ ಈಗ ಕರೆಂಟು ಆಫೀಸಿನಲ್ಲಿ ಎಂಜಿನಿಯರ್. ಗ್ರಿಡ್ಡಿನ ಲೆಕ್ಕ ಚೆನ್ನಾಗಿ ಬಲ್ಲ. ಈ ಯೋಜನೆ ಆಗಲೇಬೇಕು ಅನ್ನುವವನು. ನಂಬರ್ ಬರೆದುಕೋ, ಮೊದಲು ಅವನನ್ನು ಕಾಣು.